ಜೋಳಿಗೆಗೆ ಬಿದ್ದ ಚಟ, ಚಿಕಿತ್ಸೆ ಬೇಡುವ ದೇಹ

ಇಳಕಲ್ಲಿನ ಮಹಾಂತ ಶಿವಯೋಗಿಗಳ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಪೂಜ್ಯರು ಊರೂರು ಸುತ್ತಿ, ಕಾಣಿಕೆಗೆ ಬದಲಾಗಿ ಭಕ್ತರ ದುಶ್ಚಟಗಳನ್ನೇ ಜೋಳಿಗೆಗೆ ಬೇಡಿದವರು. ಅದೇ ನಾಡಿನ 2025-26ರ ಆಯವ್ಯಯದಲ್ಲಿ ಅಬಕಾರಿ ವರಮಾನದ ಗುರಿ 40,000 ಕೋಟಿ ರೂಪಾಯಿ. 2007ರಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ಮಾತ್ರ ನಿಲ್ಲಲಿಲ್ಲ. ಈ ವೈರುಧ್ಯವನ್ನು ಕುರಿತ ಚರ್ಚೆ ನಡೆಯಲಿ. ಆದರೆ ಆ ಚರ್ಚೆಯ ನಡುವೆ, ಈಗಾಗಲೇ ಕುಡಿದು ಯಕೃತ್ತು ಕೆಡಿಸಿಕೊಂಡ ಮನುಷ್ಯನನ್ನು ನಾವು ಮರೆಯಬಾರದು.

ಮಠಕ್ಕೆ ಬರುವ ಕುಟುಂಬಗಳಿಂದ ಎರಡು ಮಾತುಗಳನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. “ಲಿವರ್ ಹೋಗಿದೆ, ಇನ್ನು ಬಿಟ್ಟರೇನು ಫಲ?” ಎಂಬುದು ಕುಡಿಯುವವನ ಮಾತು. “ಮಾಡಿದ್ದುಣ್ಣೋ ಮಹಾರಾಯ” ಎಂಬುದು ಬಂಧುಗಳ ಮಾತು. ಮೊದಲನೆಯದು ನಿರಾಶೆ, ಎರಡನೆಯದು ನಿರ್ದಯೆ; ಎರಡೂ ಸತ್ಯಕ್ಕೆ ದೂರ.

ವೈದ್ಯಶಾಸ್ತ್ರ ಹೇಳುವುದು ಬೇರೆಯೇ. ಮದ್ಯದಿಂದ ಯಕೃತ್ತಿನಲ್ಲಿ ಮೊದಲು ಕೊಬ್ಬು ಶೇಖರವಾಗುತ್ತದೆ. ಈ ಹಂತದಲ್ಲಿ ಕುಡಿತವನ್ನು ಪೂರ್ತಿ ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಸಾಮಾನ್ಯವಾಗಿ ಕರಗುತ್ತದೆ. ಬಿಡದಿದ್ದರೆ ಉರಿಯೂತ, ಅನಂತರ ಗಾಯದ ಕಲೆಗಳು, ಕಡೆಗೆ ಸಿರೋಸಿಸ್. ಗಟ್ಟಿಯಾದ ಯಕೃತ್ತು ಪೂರ್ತಿ ಮೊದಲಿನಂತಾಗುವುದು ಕಷ್ಟ. ಆದರೂ ಆ ಹಂತದಲ್ಲಿ ಬಿಟ್ಟವರ ಆಯುಷ್ಯ, ಬಿಡದವರಿಗಿಂತ ಹೆಚ್ಚುತ್ತದೆ; ಕೆಲವರಲ್ಲಿ ಹೊಟ್ಟೆಯ ನೀರು, ಕಾಮಾಲೆಗಳೂ ಇಳಿಯುತ್ತವೆ. ತಡವಾದರೂ ಬಿಟ್ಟದ್ದು ವ್ಯರ್ಥವಲ್ಲ. ಆರಂಭದಲ್ಲಿ ಈ ರೋಗಕ್ಕೆ ನೋವೇ ಇರುವುದಿಲ್ಲವಾದ್ದರಿಂದ, ಕುಡಿಯುವ ಅಭ್ಯಾಸವುಳ್ಳವರು ಲಕ್ಷಣಗಳಿಗೆ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹಾಗೆಂದು ಯಕೃತ್ತಿನ ರೋಗಿಗಳೆಲ್ಲರೂ ಕುಡುಕರೆಂದು ಭಾವಿಸುವುದೂ ಸಲ್ಲದು. ವೈರಾಣು, ಸ್ಥೂಲಕಾಯ, ಮಧುಮೇಹಗಳೂ ಕಾರಣವಾಗುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳನ್ನು ವಿನಮ್ರವಾಗಿ ಹೇಳಬೇಕಾಗಿದೆ. ಒಂದು, ವರ್ಷಗಟ್ಟಲೆ ಪ್ರತಿದಿನ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಅಪಸ್ಮಾರ, ಬುದ್ಧಿಭ್ರಮಣೆ ತಲೆದೋರಿ ಪ್ರಾಣಕ್ಕೇ ಕುತ್ತಾಗಬಹುದು. ಅಂಥವರು ವೈದ್ಯರ ಮೇಲ್ವಿಚಾರಣೆಯಲ್ಲೇ ಬಿಡಬೇಕು. ಎರಡು, ಕುಡಿತ ಬಿಡಿಸುವ ಔಷಧವೆಂದು ಊಟದಲ್ಲಿ ಗುಟ್ಟಾಗಿ ಬೆರೆಸುವ ಪದ್ಧತಿ ನಿಲ್ಲಬೇಕು. ಅಂಥ ಕೆಲವು ಮಾತ್ರೆಗಳು ಮದ್ಯದೊಡನೆ ಸೇರಿದರೆ ಅಪಾಯಕರ. ಕೆಟ್ಟ ಯಕೃತ್ತಿಗೆ ಇನ್ನೂ ಹಾನಿಕರ. ಮೂರು, ಕಾಮಾಲೆ ಕಂಡಾಗ ನಾಟಿಮದ್ದನ್ನು ನೆಚ್ಚಿ ದಿನ ಕಳೆಯಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್, 14416.

ಸಂಕಲ್ಪ ಮಾಡಿಸುವುದು ಮಠಗಳು ಬಲ್ಲ ಕಾರ್ಯ. ಆದರೆ ಸಂಕಲ್ಪದ ಮರುದಿನ ಆತನ ಜೊತೆ ಆಸ್ಪತ್ರೆಗೆ ಹೋಗುವವರು ಯಾರು? ಮತ್ತೊಮ್ಮೆ ಎಡವಿದಾಗ ಮಾತು ಬಿಡದೆ ಕೈಹಿಡಿಯುವವರು ಯಾರು? ಎಡವುವುದು ಈ ರೋಗದ ಸ್ವಭಾವ. ಅದು ಪ್ರತಿಜ್ಞೆಯ ಸೋಲಲ್ಲ. ಮದುವೆ, ಜಾತ್ರೆಗಳಲ್ಲಿ “ಇವತ್ತೊಂದಿನ ನಡೆಯುತ್ತದೆ” ಎಂದು ಒತ್ತಾಯಿಸುವ ಸ್ನೇಹಿತರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ.

ದಯೆ ನಮ್ಮ ಧರ್ಮದ ಮೂಲವೆಂದು ನಂಬಿದ ನಾವು, ಆ ದಯೆಯನ್ನು ಕುಡಿತದ ರೋಗಿಯ ಹಾಸಿಗೆಯವರೆಗೂ ಒಯ್ಯಬೇಕಾಗಿದೆ. ತಮ್ಮ ಓಣಿಯಲ್ಲಿ ಅಂಥವರೊಬ್ಬರಿದ್ದರೆ, ಈ ವಾರವೇ ಅವರ ಮನೆಗೆ ಹೋಗಿ ಬನ್ನಿರಿ.