ಕಾಲ್ಚೆಂಡಾಟದ ಶಿಕ್ಷಕರ ಯೋಗ್ಯತೆ

ಬಾಡಿಗೆಯ ಮೋಟಾರು ನಡೆಸುವವನಿಗೆ ಪರವಾನಗಿ ಬೇಕು. ಔಷಧದ ಅಂಗಡಿ ತೆರೆಯುವವನಿಗೂ ಬೇಕು. ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ತಿದ್ದಿಸುವ ಉಪಾಧ್ಯಾಯನೂ ಶಿಕ್ಷಣದ ತರಬೇತಿ ಪಡೆದವನಾಗಿರಬೇಕೆಂದು ನಿಯಮವಿದೆ. ಆದರೆ ಎಂಟು ಹತ್ತು ವರ್ಷದ ಮಕ್ಕಳನ್ನು ಬೇಸಗೆಯ ಬಿಸಿಲಿನಲ್ಲಿ ಮೈದಾನಕ್ಕಿಳಿಸಿ ಕಾಲ್ಚೆಂಡಾಟವನ್ನು ಕಲಿಸುತ್ತೇನೆಂದು ಶುಲ್ಕವೆತ್ತುವವನ ಕೊರಳಲ್ಲಿ ಒಂದು ಸೀಟಿಯಿದ್ದರೆ ನಮ್ಮ ಊರುಗಳಲ್ಲಿ ಅದೇ ಸಾಕಾದಷ್ಟು ಯೋಗ್ಯತೆಯೆನಿಸಿದೆ. ಇವನು ಎಲ್ಲಿ ಕಲಿತವನು, ಏನು ಕಲಿತವನು ಎಂದು ಕೇಳುವ ತಂದೆತಾಯಿಗಳು ವಿರಳ. ಕೇಳಬೇಕಾದ ಅಧಿಕಾರಿಗಳು ಇನ್ನೂ ವಿರಳ.

ಈ ಆಟವು ನಮ್ಮ ನಾಡಿಗೆ ಹೊಸದಲ್ಲವೆಂಬುದನ್ನು ವಾಚಕರು ಬಲ್ಲರು. ಬೆಂಗಳೂರು ಮುಸ್ಲಿಮ್ಸ್ ತಂಡದವರು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ರಾಮನ್ ಬೆಂಗಳೂರಿನವರು. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಪಡೆಯಿತು. ಆದರೆ 1968-69ರ ಆ ನಾಲ್ಕನೆಯ ಗೆಲುವಿನ ತರುವಾಯ ಐದನೆಯದಕ್ಕಾಗಿ ನಾವು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿಯಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗಲೇ ಆ ಕಪ್ಪು ಮರಳಿ ಬಂದಿತು. ಅರ್ಧ ಶತಮಾನದ ಈ ಬರಗಾಲಕ್ಕೆ ಕಾರಣಗಳು ಅನೇಕ. ಕೇರಿಯ ಮಕ್ಕಳನ್ನು ಕ್ರಮವಾಗಿ ಕಲಿಸಿ ಮೇಲಕ್ಕೆತ್ತುವವರು ಸಾಕಷ್ಟಿರಲಿಲ್ಲವೆಂಬುದು ಅವುಗಳಲ್ಲಿ ಸಣ್ಣದಲ್ಲವೆಂದು ನಾವು ನಂಬುತ್ತೇವೆ.

ಯೋಗ್ಯತೆಯನ್ನು ಪಡೆಯುವ ಮಾರ್ಗವಂತೂ ಇದ್ದೇ ಇದೆ. ಏಷ್ಯಾ ಖಂಡದ ಕಾಲ್ಚೆಂಡು ಒಕ್ಕೂಟದ ಪದ್ಧತಿಯಂತೆ ನಮ್ಮ ಅಖಿಲ ಭಾರತ ಸಂಸ್ಥೆಯವರು ಮೆಟ್ಟಿಲು ಮೆಟ್ಟಿಲಾಗಿ ಪರವಾನಗಿಗಳನ್ನು ಏರ್ಪಡಿಸಿದ್ದಾರೆ: ಮೊದಲು 'ಡಿ', ಬಳಿಕ 'ಸಿ', 'ಬಿ', 'ಎ', ತುದಿಯಲ್ಲಿ 'ಪ್ರೊ'. ಮಕ್ಕಳಿಗೆ ಕಲಿಸಬಯಸುವವನಿಗೆ ತುದಿಯ ಮೆಟ್ಟಿಲು ಬೇಕಿಲ್ಲ. 'ಡಿ' ವರ್ಗದ ಶಿಕ್ಷಣ ಕೆಲವೇ ದಿನಗಳದು. ಹದಿನೆಂಟು ತುಂಬಿದವರು ಅದಕ್ಕೆ ಹೋಗಬಹುದು.

ಇಷ್ಟು ಅಲ್ಪಾವಧಿಯಲ್ಲಿ ಕಲಿಯುವುದೇನೆಂದು ಕೆಲವರು ಮೂಗು ಮುರಿಯುತ್ತಾರೆ. ಕಲಿಯಬೇಕಾದ ಮೊದಲ ಪಾಠವೇ ದೊಡ್ಡದು: ಮಗುವು ಗಾತ್ರ ಕಡಿಮೆಯಾದ ಪ್ರೌಢನಲ್ಲ. ಏಳು ವರ್ಷದ ಬಾಲಕನನ್ನು ಪೂರ್ಣ ಅಳತೆಯ ಮೈದಾನದಲ್ಲಿ ಹನ್ನೊಂದರಲ್ಲಿ ಒಬ್ಬನನ್ನಾಗಿ ನಿಲ್ಲಿಸಿದರೆ ಅವನಿಗೆ ಗಂಟೆಯಲ್ಲಿ ನಾಲ್ಕು ಸಲ ಚೆಂಡು ಸಿಕ್ಕಿದರೆ ಪುಣ್ಯ. ಐದೈದು ಜನರ ಚಿಕ್ಕ ಅಂಕಣದಲ್ಲಿ, ಅವನ ಕಾಲಿಗೆ ಒಗ್ಗುವ ಮೂರನೆಯ ನಂಬರಿನ ಚೆಂಡನ್ನು ಕೊಟ್ಟರೆ ಆ ಚೆಂಡು ಅವನ ಬಳಿಗೆ ಮತ್ತೆ ಮತ್ತೆ ಬರುತ್ತದೆ. ಪ್ರೌಢರು ಆಡುವ ಐದನೆಯ ನಂಬರಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಅದನ್ನು ಎಳೆಯ ಮಕ್ಕಳ ತಲೆಗೆ ಗುರಿಯಿಟ್ಟು ಎಸೆದು 'ಹೆಡ್' ಮಾಡಲು ಹೇಳುವ ಶಿಕ್ಷಕರು ಇಂದಿಗೂ ಇದ್ದಾರೆ. ಅಮೆರಿಕದ ಸಂಸ್ಥೆಯವರು ಹತ್ತು ವರ್ಷದೊಳಗಿನವರಿಗೆ ತಲೆಯಿಂದ ಚೆಂಡು ಹೊಡೆಯುವುದನ್ನು 2015ರಲ್ಲಿಯೇ ನಿಷೇಧಿಸಿದರು. ಇಂಗ್ಲೆಂಡಿನವರು 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ಅಭ್ಯಾಸದಿಂದ ಅದನ್ನು ತೆಗೆದುಹಾಕಿದರು. ಇದನ್ನು ಅರಿಯದವನ ಕೈಯಲ್ಲಿ ಮಗುವಿನ ತಲೆಯನ್ನು ಒಪ್ಪಿಸುವುದು ಯಾವ ನ್ಯಾಯ?

ಹುಡುಗನು ಒಮ್ಮೆಲೇ ಎತ್ತರ ಬೆಳೆಯುವ ವರ್ಷದಲ್ಲಿ ಮೊಣಕಾಲು ನೋಯುವುದು ಸೋಮಾರಿತನವಲ್ಲವೆಂದೂ, ಆಗ ಓಟವನ್ನು ತಗ್ಗಿಸಬೇಕೆಂದೂ ತಿಳಿದಿರಬೇಕು. ಒಂದೇ ವಯಸ್ಸಿನ ಗುಂಪಿನಲ್ಲಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹೆಚ್ಚು ಕಡಿಮೆ ಒಂದು ವರ್ಷ ದೊಡ್ಡವನು. ಗೆಲುವಿಗೆ ಹಪಹಪಿಸುವ ಶಿಕ್ಷಕನು ಆ ದೊಡ್ಡ ಮೈಯನ್ನೇ ಪ್ರತಿಭೆಯೆಂದು ಭ್ರಮಿಸಿ ಚಿಕ್ಕವನನ್ನು ಮನೆಗೆ ಕಳುಹಿಸುತ್ತಾನೆ. (ಜನ್ಮದಿನಾಂಕವನ್ನೇ ತಿದ್ದುವ ಮಹನೀಯರ ಕಥೆ ಬೇರೆ, ಅವರ ಕೃಪೆಯಿಂದಲೇ ಹುಡುಗರ ಮಣಿಕಟ್ಟಿನ ಎಲುಬನ್ನು ಪರೀಕ್ಷಿಸುವ ಕಾಲ ಬಂದಿದೆ.)

ಹಿಂದಿನ ವೀರರಿಗೆ ಯಾವ ಕಾಗದವಿತ್ತು ಎಂಬ ಆಕ್ಷೇಪವನ್ನು ನಾವು ಬಲ್ಲೆವು. 1956ರ ಮೆಲ್ಬರ್ನ್‌ನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೇರಿಸಿ, 1962ರ ಜಕಾರ್ತದಲ್ಲಿ ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದ ತಂಡಕ್ಕೆ ಚಿನ್ನವನ್ನು ದೊರಕಿಸಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರನ್ನು ಈ ವಾದದವರು ಮುಂದಿಡುತ್ತಾರೆ. ಆದರೆ ರಹೀಮರು ವೃತ್ತಿಯಿಂದ ಉಪಾಧ್ಯಾಯರೆಂಬುದನ್ನು ಮರೆಯಲಾಗದು. ಕಲಿಸುವ ವಿದ್ಯೆಯೇ ಅವರ ಕಸುಬಾಗಿತ್ತು. ಚೆನ್ನಾಗಿ ಆಡಿದವನೆಲ್ಲ ಚೆನ್ನಾಗಿ ಕಲಿಸಬಲ್ಲನೆಂಬುದು, ಚೆನ್ನಾಗಿ ಉಣ್ಣುವವನೆಲ್ಲ ಚೆನ್ನಾಗಿ ಅಡಿಗೆ ಮಾಡಬಲ್ಲನೆಂಬಷ್ಟೇ ಸತ್ಯ.

ಐಸ್‌ಲೆಂಡ್ ಎಂಬ ಹಿಮದ ದ್ವೀಪದ ಜನಸಂಖ್ಯೆ ಮೈಸೂರು ನಗರದ ಅರ್ಧಕ್ಕಿಂತಲೂ ಕಡಿಮೆ. ಅಲ್ಲಿಯವರು ಚಳಿಗಾಲದಲ್ಲಿ ಆಡಲು ಛಾವಣಿಯ ಮೈದಾನಗಳನ್ನು ಕಟ್ಟಿದರು. ಅದರೊಡನೆ ಚಿಕ್ಕ ಮಕ್ಕಳಿಗೆ ಕಲಿಸುವವರೂ ಐರೋಪ್ಯ ಒಕ್ಕೂಟದ ಪರವಾನಗಿಯುಳ್ಳ, ಸಂಬಳ ಪಡೆಯುವ ಶಿಕ್ಷಕರಾಗಿರುವಂತೆ ನೋಡಿಕೊಂಡರು. 2016ರಲ್ಲಿ ಅವರು ಇಂಗ್ಲೆಂಡನ್ನು ಸೋಲಿಸಿದರು. 2018ರಲ್ಲಿ ವಿಶ್ವಕಪ್ಪಿಗೆ ಹೋಗಿ ಅರ್ಜೆಂಟೀನದೊಡನೆ ಸಮಸಮ ಆಡಿದರು. ಆ ತಂಡದ ಮುಖ್ಯ ಶಿಕ್ಷಕರಾಗಿದ್ದ ಹೇಮಿರ್ ಹಾಲ್‌ಗ್ರಿಮ್‌ಸನ್ ದಂತವೈದ್ಯರು. ಹಲ್ಲು ಕೀಳುವ ಕಸುಬಿನ ಮನುಷ್ಯನೂ ಒಂದೊಂದೇ ಮೆಟ್ಟಿಲೇರಿ ಅಲ್ಲಿಯವರೆಗೆ ಹೋಗಬಲ್ಲನಾದರೆ ನಮ್ಮ ಹಾವೇರಿಯ, ಕೋಲಾರದ ದೈಹಿಕ ಶಿಕ್ಷಣದ ಉಪಾಧ್ಯಾಯರಿಗೆ ಅದು ಅಸಾಧ್ಯವೇಕೆ?

ಅಸಾಧ್ಯವಾಗಿಸುವುದು ಬಹುಮಟ್ಟಿಗೆ ಹಣ ಮತ್ತು ದೂರ. ಶಿಬಿರದ ಶುಲ್ಕ, ಪರಸ್ಥಳದ ವಸತಿ, ಸಂಬಳವಿಲ್ಲದ ರಜೆ ಇಷ್ಟನ್ನೂ ಕೇರಿಯ ಬಡ ಆಟಗಾರನು ತನ್ನ ಕೈಯಿಂದಲೇ ಕೊಡಬೇಕಾದರೆ ಪರವಾನಗಿಯು ಉಳ್ಳವರ ಅಲಂಕಾರವಾಗಿಯೇ ಉಳಿಯುತ್ತದೆ. ಆದುದರಿಂದ ನಿಯಮವನ್ನು ಬಿಗಿಗೊಳಿಸುವುದಕ್ಕೆ ಮುಂಚೆ ದಾರಿಯನ್ನು ಸುಗಮಗೊಳಿಸಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಶಿಬಿರಗಳು ಜಿಲ್ಲಾ ಕೇಂದ್ರಗಳಲ್ಲಿ ನಡೆಯಲಿ. ಪಾಠವೂ ಪರೀಕ್ಷೆಯೂ ಕನ್ನಡದಲ್ಲಿರಲಿ. ಸರಕಾರಿ ಶಾಲೆಯ ದೈಹಿಕ ಶಿಕ್ಷಕರ ಶುಲ್ಕವನ್ನು ಇಲಾಖೆಯವರೇ ಭರಿಸಿ, ಆ ದಿನಗಳನ್ನು ಕರ್ತವ್ಯದ ದಿನಗಳೆಂದು ಎಣಿಸಲಿ. ಹೆಣ್ಣುಮಕ್ಕಳ ತಂಡಗಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಸ್ತ್ರೀಯರಿಗೆ ಸ್ಥಾನಗಳನ್ನು ಕಾದಿರಿಸುವುದೂ ಅವಶ್ಯ.

ಇಷ್ಟಾದ ಮೇಲೆ ಎರಡು ವರ್ಷಗಳ ಅವಧಿಯನ್ನು ಗೊತ್ತುಮಾಡಿ, ಬಳಿಕ ಪರವಾನಗಿಯಿಲ್ಲದ ಶಿಕ್ಷಕರನ್ನಿಟ್ಟುಕೊಂಡ ಯಾವ ಶಿಬಿರಕ್ಕೂ ನಗರಸಭೆಯವರು ಮೈದಾನವನ್ನು ಬಾಡಿಗೆಗೆ ಕೊಡಕೂಡದು. ಬಾಡಿಗೆಯ ಕರಾರಿನಲ್ಲಿ ಶಿಕ್ಷಕರ ಹೆಸರು ಹಾಗೂ ಪರವಾನಗಿಯ ವರ್ಗವಿರಲಿ. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಆದ ಕಾಯಿದೆಯನ್ನು ನೆನೆದು ಅವರ ಪೂರ್ವಚರಿತ್ರೆಯ ಪೋಲೀಸು ಪರಿಶೀಲನೆಯೂ ಇರಲಿ. ಇದಕ್ಕೆ ಹೊಸ ಶಾಸನದ ಅಗತ್ಯವಿಲ್ಲ. ಬರುವ ಬೇಸಗೆಯ ಶಿಬಿರಗಳಿಗೆ ಅರ್ಜಿಗಳು ಬರತೊಡಗುವುದಕ್ಕೆ ಮುಂಚೆ ಒಂದು ಸಭೆಯ ನಿರ್ಣಯವಾದರೆ ಸಾಕು.