ಬಲಿಪೀಠದ ಪಕ್ಕದಲ್ಲೊಂದು ಧ್ವಜ

'ನಮ್ಮ ಧರ್ಮವನ್ನು ಕಾಯುವ ಪಕ್ಷ ಯಾವುದೋ ಅದಕ್ಕೇ ನಮ್ಮ ಮತ' ಎಂಬ ಮಾತನ್ನು ಚುನಾವಣೆಯ ಕಾಲದಲ್ಲಿ ನೀವೂ ಕೇಳಿರುತ್ತೀರಿ. ಪೂಜೆ ಮುಗಿಸಿ ಹೊರಬರುವಾಗ ನೀವೇ ಆಡಿರಲೂಬಹುದು. ಅದರಲ್ಲಿ ತಪ್ಪೇನು ಎನ್ನುವಿರಾದರೆ, ಕನ್ನಡಕ್ಕೆ ಕಿಟ್ಟೆಲರನ್ನು ಕೊಟ್ಟ ಜರ್ಮನಿಯಲ್ಲಿ ಇದನ್ನೇ ನಂಬಿದ ಕ್ರೈಸ್ತ ಕುಟುಂಬಗಳ ಕಥೆಯನ್ನು ತುಸು ತಾಳ್ಮೆಯಿಂದ ಓದಿರಿ.

ಮಹಾಯುದ್ಧದಲ್ಲಿ ದೇಶ ಸೋತು ಚಕ್ರವರ್ತಿ ಪಲಾಯನಗೈದ 1918ರ ನವೆಂಬರಿನಲ್ಲಿ ಅಲ್ಲಿ 'ಜರ್ಮನ್ ರಾಷ್ಟ್ರೀಯ ಜನಪಕ್ಷ' ಹುಟ್ಟಿತು. ಅದನ್ನು ಕಟ್ಟಿದವರು ಬೀದಿಯ ಪುಂಡರಲ್ಲ. ಪೂರ್ವಭಾಗದ ಜಮೀನ್ದಾರರು, ಉದ್ಯಮಿಗಳು, ಸೇನಾಧಿಕಾರಿಗಳು, ಪ್ರಾಧ್ಯಾಪಕರು. ಪ್ರೊಟೆಸ್ಟೆಂಟ್ ಸಭೆಗಳ ಅನೇಕ ಬೋಧಕರೂ ಅದರ ಬೆನ್ನಿಗಿದ್ದರು. ಅರಸೊತ್ತಿಗೆ ಮರಳಬೇಕು, ಶಾಲೆಗಳಲ್ಲಿ ಕ್ರೈಸ್ತ ಶಿಕ್ಷಣ ಉಳಿಯಬೇಕು ಎಂಬುದು ಅವರ ಬೇಡಿಕೆ. ಕೇಳಲು ಎಷ್ಟು ಸಭ್ಯ! ಆದರೆ ಅದೇ ಪಕ್ಷದ 1920ರ ಕಾರ್ಯಕ್ರಮವು ಸಾರ್ವಜನಿಕ ಜೀವನದಲ್ಲಿ ಯೆಹೂದ್ಯರ ಪ್ರಾಬಲ್ಯವನ್ನು ವಿರೋಧಿಸುವುದಾಗಿಯೂ ಸಾರಿತು. ಯೆಹೂದ್ಯ ತಾಯಿಯ ಮಗನಾದ ಯೇಸುಸ್ವಾಮಿಗೆ ಕೈಮುಗಿಯುತ್ತಲೇ!

ಸೋಲಿಗೆ ಸೇನಾಪತಿಗಳಲ್ಲ, ಒಳಗಿನ ದ್ರೋಹಿಗಳೇ ಹೊಣೆ ಎಂಬ ಸುಳ್ಳು ಈ ಪಕ್ಷದ ಬಂಡವಾಳವಾಯಿತು. ಕದನವಿರಾಮಕ್ಕೆ ಸಹಿಹಾಕಿದ ಕಥೋಲಿಕ ನಾಯಕ ಮಥಿಯಾಸ್ ಎರ್ಜ್‌ಬರ್ಗರ್ ಅವರನ್ನು ಪಕ್ಷದ ಮುಂದಾಳು ಕಾರ್ಲ್ ಹೆಲ್ಫೆರಿಖ್ ಬೆನ್ನುಹತ್ತಿ ನಿಂದಿಸಿದರು. 1921ರ ಆಗಸ್ಟ್ 26ರಂದು ಎರ್ಜ್‌ಬರ್ಗರ್ ಗುಂಡಿಗೆ ಬಲಿಯಾದರು. 1922ರ ಜೂನ್ 23ರಂದು ಅದೇ ಹೆಲ್ಫೆರಿಖ್ ಸಂಸತ್ತಿನಲ್ಲಿ ಯೆಹೂದ್ಯ ವಿದೇಶಾಂಗ ಸಚಿವ ವಾಲ್ಟರ್ ರಾಥೆನೌ ಅವರನ್ನು ಹಳಿದರು. ಮರುದಿನ ಬೆಳಿಗ್ಗೆ ರಾಥೆನೌ ಹತರಾದರು. ಕೊಂದ ಕೈ ಪಕ್ಷದ್ದಲ್ಲ, ಒಪ್ಪುತ್ತೇನೆ. ಆದರೆ ಯಾರನ್ನು ದ್ವೇಷಿಸಬೇಕೆಂದು ಬೆರಳು ತೋರಿಸಿದವರು ಯಾರು? ಇಷ್ಟಾದ ಮೇಲೂ 1924ರ ಡಿಸೆಂಬರಿನಲ್ಲಿ ಐವರು ಮತದಾರರಲ್ಲಿ ಒಬ್ಬರು ಈ ಪಕ್ಷವನ್ನೇ ಆರಿಸಿದರು. 103 ಸ್ಥಾನಗಳು ಬಂದವು. ಅವರೆಲ್ಲ ಭಾನುವಾರ ದೇವಾಲಯಕ್ಕೆ ಹೋಗುವ ಮರ್ಯಾದಸ್ಥರೇ ಎಂಬುದನ್ನು ಮರೆಯದಿರಿ.

1928ರಲ್ಲಿ ಪತ್ರಿಕೆಗಳ, ಚಲನಚಿತ್ರ ಸಂಸ್ಥೆಯ ಒಡೆಯ ಆಲ್ಫ್ರೆಡ್ ಹ್ಯೂಗೆನ್‌ಬರ್ಗ್ ಅಧ್ಯಕ್ಷರಾದರು. ಮರುವರ್ಷವೇ ಹಿಟ್ಲರನೊಡನೆ ಕೈಜೋಡಿಸಿದರು. ಫಲವೇನು? 1930ರಲ್ಲಿ ಪಕ್ಷದ ಮತ ಶೇ. 7ಕ್ಕಿಳಿಯಿತು. ದ್ವೇಷದ ರುಚಿ ಹತ್ತಿದವರಲ್ಲಿ ಅನೇಕರು ಅದನ್ನು ಇನ್ನೂ ದೊಡ್ಡ ದನಿಯಲ್ಲಿ ಮಾರುವವನ ಬಳಿಗೆ ಹೋದರು. ಆದರೂ ಹಿಟ್ಲರನನ್ನು ಹಿಡಿತದಲ್ಲಿಡಬಲ್ಲೆವೆಂಬ ಭ್ರಮೆ ಹರಿಯಲಿಲ್ಲ. 1933ರ ಜನವರಿ 30ರಂದು ಹ್ಯೂಗೆನ್‌ಬರ್ಗ್ ಅವನ ಸಂಪುಟದಲ್ಲಿ ಸಚಿವರಾದರು. ಮಾರ್ಚ್ ಚುನಾವಣೆಯಲ್ಲಿ ನಾಜಿಗಳಿಗೆ ದೊರೆತದ್ದು ಶೇ. 43.9 ಮಾತ್ರ, ಬಹುಮತಕ್ಕೆ ಕೊರತೆಯಾದದ್ದನ್ನು ತುಂಬಿಕೊಟ್ಟದ್ದು ಈ ಮರ್ಯಾದಸ್ಥರ ಶೇ. 8.

ಕಥೋಲಿಕರಾದ ನಾವು ಇಲ್ಲಿ ಬೀಗುವಂತಿಲ್ಲ. ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರ ನೀಡಿದ ಮಸೂದೆಗೆ ನಮ್ಮವರದೇ ಆದ ಕೇಂದ್ರ ಪಕ್ಷವೂ ಕೈಯೆತ್ತಿತು. ವಿರೋಧಿಸಿದವರು 94 ಮಂದಿ ಸಮಾಜವಾದಿಗಳು, ಅಂದರೆ ಧರ್ಮವಿರೋಧಿಗಳೆಂದು ನಾವು ದೂರವಿಟ್ಟಿದ್ದವರು.

ಜೂನ್ 27ರಂದು ಜನಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಜುಲೈ 5ರಂದು ಕೇಂದ್ರ ಪಕ್ಷವೂ. ಹ್ಯೂಗೆನ್‌ಬರ್ಗ್ ಸಚಿವ ಸ್ಥಾನವನ್ನೂ ಕಳೆದುಕೊಂಡಿದ್ದರು. ಆ ಪಕ್ಷದಲ್ಲಿಯೇ ಇದ್ದು, ಹಿಟ್ಲರನ ಸಂಗಡ ಸೇರಬಾರದೆಂದು ಮೊದಲೇ ಎಚ್ಚರಿಸಿದ ಒಬ್ಬ ಜಮೀನ್ದಾರರಿದ್ದರು: ಎವಾಲ್ಡ್ ಫಾನ್ ಕ್ಲೈಸ್ಟ್. ನಾಜಿಗಳು 1945ರ ಏಪ್ರಿಲ್ 9ರಂದು, ಯುದ್ಧ ಮುಗಿಯಲು ಒಂದು ತಿಂಗಳಿರುವಾಗ, ಅವರ ಶಿರಚ್ಛೇದ ಮಾಡಿದರು.