ಅಂಗಡಿಯಲ್ಲಿ ಇಲ್ಲದ್ದನ್ನು ಆರಿಸುವುದು ಹೇಗೆ?

ಮಕ್ಕಳ ಅಪೌಷ್ಟಿಕತೆಗೆ ತಾಯಂದಿರ ತಿಳಿವಳಿಕೆಯ ಕೊರತೆಯೇ ಕಾರಣವೆಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಓದಿ ಸಿಟ್ಟು ಬಂತು. ರಾಗಿ ಒಳ್ಳೆಯದೆಂದು ಹಳೇ ಮೈಸೂರು ಸೀಮೆಯ ತಾಯಿಗೆ ಯಾರು ಪಾಠ ಹೇಳಬೇಕು? 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದು 10ರ ಆಸುಪಾಸು. ಆದರೂ ದಶಕಗಳ ಕಾಲ ಪಡಿತರ ಚೀಲ ತುಂಬಿದ್ದು ಅಕ್ಕಿ, ಗೋಧಿಯೇ. ಸರ್ಕಾರಿ ಖರೀದಿ, ಗೋದಾಮು ಎಲ್ಲವೂ ಅವೆರಡರ ಸುತ್ತಲೇ ಬೆಳೆದವು. 2013ರ ಆಹಾರ ಭದ್ರತಾ ಕಾಯ್ದೆಯಲ್ಲೂ ಬೇಳೆಗೆ ಖಾತರಿಯಿಲ್ಲ.

ಇನ್ನು ಶಾಲೆಯ ಎದುರಿನ ಗೂಡಂಗಡಿ. 5 ರೂಪಾಯಿಗೆ ಕುರುಕಲು ಪೊಟ್ಟಣ ಸಿಗುತ್ತದೆ, ಅದೇ ದುಡ್ಡಿಗೆ ಬೇಯಿಸಿದ ಮೊಟ್ಟೆ ಸಿಗದು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲಾ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರ ನಿಯಮವಿದೆ. ಪೊಟ್ಟಣಗಳ ಸರ ಮಾತ್ರ ಎಷ್ಟೋ ಕಡೆ ಅಲ್ಲೇ ತೂಗುತ್ತಿದೆ. ಚಿಲಿ ದೇಶ 2016ರಲ್ಲಿ ಇಂಥ ಪೊಟ್ಟಣಗಳ ಮುಖದ ಮೇಲೇ ಕಪ್ಪು ಅಷ್ಟಕೋನದ ಎಚ್ಚರಿಕೆ ಅಚ್ಚುಹಾಕಿಸಿತು, ಶಾಲೆಗಳಲ್ಲಿ ಅವುಗಳ ಮಾರಾಟ ನಿಷೇಧಿಸಿತು. ಸಕ್ಕರೆ ಪಾನೀಯಗಳ ಖರೀದಿ ಗಣನೀಯವಾಗಿ ಇಳಿಯಿತು. ಅಲ್ಲಿ ಕಡಿವಾಣ ಬಿದ್ದದ್ದು ಕಂಪನಿಗಳಿಗೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿಯ ಬೆಳವಣಿಗೆ ಕುಂಠಿತವಾಗಿದೆ. ಅವರ ತಾಯಂದಿರ ಕೈಗೆ ಕರಪತ್ರ ಕೊಡುವ ಮೊದಲು ನ್ಯಾಯಬೆಲೆ ಅಂಗಡಿಗೆ ವರ್ಷವಿಡೀ ರಾಗಿ, ಜೋಳ, ಬೇಳೆ ಬರಲಿ.